ಹುಳುವಿನ ಮನೆಯಲ್ಲಿ ಕಲಿತ ಪಾಠ

ವಿಜ್ಞಾನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹು ಮಂದಿಗೆ ಗಾಜಿನ ನಳಿಗೆಗಳು, ಬಿಳಿಯ ಅಂಗಿ ತೊಟ್ಟ ಪಂಡಿತರು, ಆಕಾಶಕ್ಕೆ ಹಾರುವ ರಾಕೆಟ್ಟು, ಇಲ್ಲವೇ ಮಕ್ಕಳ ಅಂಕಪಟ್ಟಿ ನೆನಪಾಗುತ್ತವೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ನನ್ನ ಓದೆಲ್ಲ ಪಂಪ, ರನ್ನ, ಕೇಶಿರಾಜರ ಸುತ್ತ ನಡೆದದ್ದು. ಪಕ್ಕದ ಕೊಠಡಿಯಲ್ಲಿ ವಿಜ್ಞಾನದ ಮೇಷ್ಟರು ಕುಳಿತಿರುವಾಗ ಕನ್ನಡ ಪಂಡಿತನೊಬ್ಬ ಈ ವಿಷಯವನ್ನು ಕೈಗೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ತಮಗೆ ತೋರಿದರೆ ಆಶ್ಚರ್ಯವಿಲ್ಲ.

ಆದರೆ ನಾನು ವಿಜ್ಞಾನದ ಫಲಗಳನ್ನು ಎಣಿಸಿ ಹೇಳಲು ಬಂದವನಲ್ಲ. ದೀಪ, ಬಸ್ಸು, ಔಷಧ, ಈ ರೇಡಿಯೋ, ಇವುಗಳ ಉಪಕಾರ ಯಾರಿಗೂ ತಿಳಿಯದ್ದಲ್ಲ. ಗುಂಡಿ ಒತ್ತಿ ದೀಪ ಹಚ್ಚಿದವನೆಲ್ಲ ವಿಜ್ಞಾನ ಬಲ್ಲವನಾಗುವುದಿಲ್ಲ. ಹಾಗೆಯೇ ಒಂದು ಯಂತ್ರವನ್ನೂ ಮುಟ್ಟದವನು ಅದನ್ನು ಬಲ್ಲವನಾಗಿರಬಹುದು. ಕೇಡು ಬಂದಾಗ ಅದಕ್ಕೆ ಕಾರಣವೇನೆಂದು ಕೇಳಿ, ನೋಡಿ, ಪರೀಕ್ಷಿಸಿ ತಿಳಿಯುವ ಅಭ್ಯಾಸಕ್ಕೆ ವಿಜ್ಞಾನವೆಂದು ಹೆಸರು. ಆ ಅಭ್ಯಾಸವಿಲ್ಲದ ಮನೆಯಲ್ಲಿ ಕೇಡಿನ ಹೊರೆಯೆಲ್ಲ ಯಾರಾದರೊಬ್ಬ ನಿರಪರಾಧಿಯ ತಲೆಯ ಮೇಲೆ ಬೀಳುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಇದನ್ನು ನಾನು ಪುಸ್ತಕದಲ್ಲಿ ಓದಲಿಲ್ಲ, ನಮ್ಮ ಮನೆಯಲ್ಲೇ ಕಂಡೆ.

ನಮ್ಮೂರು ಉಯ್ಯಂಬಳ್ಳಿ, ಕನಕಪುರ ತಾಲ್ಲೂಕಿನ ಒಂದು ಹೋಬಳಿ. ಅರ್ಕಾವತಿ ಹರಿದು ಬಂದು ಕಾವೇರಿಯನ್ನು ಕೂಡುವ ಸಂಗಮವಿರುವುದು ಆ ಕಡೆಗೇ. ಸಂಗಮಕ್ಕೋ ಮೇಕೆದಾಟಿಗೋ ಹೋಗಿ ಬಂದವರು ನಮ್ಮ ಸೀಮೆಯ ಗುಡ್ಡಗಳನ್ನೂ ಕುರುಚಲು ಕಾಡನ್ನೂ ಕಂಡಿರುತ್ತೀರಿ. ಮಳೆಯನ್ನು ನಂಬಿದ ಹೊಲದಲ್ಲಿ ರಾಗಿ, ಬಾವಿ ಇದ್ದ ಕಡೆ ಹಿಪ್ಪುನೇರಳೆ, ಮನೆಯೊಳಗೆ ರೇಷ್ಮೆಹುಳು. ರಾಗಿ ಹೊಟ್ಟೆಗೆ, ರೇಷ್ಮೆ ಕೈಗೆ ಎಂಬುದು ನಮ್ಮ ಕಡೆಯ ಲೆಕ್ಕ.

ಪಟ್ಟಣದವರಿಗೆ ರೇಷ್ಮೆಯ ಸೀರೆ ಗೊತ್ತು; ಹುಳುವಿನ ಸಂಸಾರ ಗೊತ್ತಿರಲಾರದು. ಗಸಗಸೆಯ ಕಾಳಿಗಿಂತ ತುಸು ದೊಡ್ಡದಾದ ಮೊಟ್ಟೆಯಿಂದ ಇರುವೆಯಂಥ ಕರಿಯ ಮರಿ ಹೊರಡುತ್ತದೆ. ಸೊಪ್ಪು ತಿಂದು ಬೆಳೆಯುತ್ತ ನಾಲ್ಕು ಸಲ ಚರ್ಮ ಕಳಚುತ್ತದೆ. ಕಳಚುವ ಮುನ್ನ ಆಹಾರ ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಇದಕ್ಕೆ ನಮ್ಮ ಕಡೆ 'ಜ್ವರ' ಎಂದು ಹೆಸರು. ನಾಲ್ಕನೆಯ ಜ್ವರ ಎದ್ದ ಹುಳುವಿನ ಹಸಿವನ್ನು ಹೇಳಿ ತೀರದು. ಹುಟ್ಟಿದಂದಿನಿಂದ ತಿಂದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಸುಮಾರು ನಾಲ್ಕು ವಾರಕ್ಕೆ ಹುಳು ಹಣ್ಣಾಗುತ್ತದೆ. ಅದನ್ನು ಆರಿಸಿ ಬಿದಿರಿನ ಚಂದ್ರಂಕಿಯ ಮೇಲೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಆ ಗೂಡೆಲ್ಲ ಒಂದೇ ಎಳೆ. ಒಳ್ಳೆಯ ತಳಿಯಾದರೆ 1000 ಮೀಟರಿನಷ್ಟು ಉದ್ದ. ಎಳೆ ನಡುವೆ ತುಂಡಾದರೆ ಗೂಡಿಗೆ ಬೆಲೆಯಿಲ್ಲ.

ಬೆಳೆ ಗೆದ್ದರೆ ತಿಂಗಳೊಳಗೆ ಕೈಗೆ ದುಡ್ಡು. ಸೋತರೆ ಸೊಪ್ಪು, ದುಡಿಮೆ, ಸಾಲದ ಬಡ್ಡಿ ಮೂರೂ ಮೈಮೇಲೆ. ಮದುವೆ, ಶಾಲೆಯ ಫೀಜು, ಹಬ್ಬದ ಬಟ್ಟೆ ಎಲ್ಲಕ್ಕೂ ಹುಳುವಿನ ಮುಖವನ್ನೇ ನೋಡಬೇಕು. ಇಷ್ಟೆಲ್ಲ ಒಂದು ಮೆತ್ತನೆಯ ಹುಳುವಿನ ಮೇಲೆ ನಿಂತಿರುವಾಗ ಮನೆಯವರಿಗೆ ಭಯವಿರುವುದು ಸಹಜ. ಭಯವಿದ್ದಲ್ಲಿ ಕಟ್ಟುಪಾಡುಗಳೂ ಇರುತ್ತವೆ.

ನಮ್ಮ ತಾತ ಹಾಕಿದ ಕಟ್ಟುಪಾಡುಗಳು ನನಗೆ ಬಾಯಿಪಾಠವಾಗಿದ್ದವು. ಹುಳುವಿನ ಮನೆಗೆ ಮೆಟ್ಟು ಹಾಕಿಕೊಂಡು ಹೋಗಕೂಡದು. ಹೊರಗಿನವರನ್ನು ಒಳಗೆ ಬಿಡಕೂಡದು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳುವಿಗೆ ಸೊಪ್ಪು ಹಾಕಕೂಡದು. ಒದ್ದೆ ಸೊಪ್ಪು ಕೊಡಕೂಡದು. ಮುಟ್ಟಾದ ಹೆಂಗಸರು ಹೊಸಿಲು ದಾಟಕೂಡದು. ಗಂಡ ಸತ್ತವಳ ದೃಷ್ಟಿ ಹಣ್ಣಾದ ಹುಳುವಿನ ಮೇಲೆ ಬೀಳಕೂಡದು. ಎಲ್ಲವೂ ಒಂದೇ ಬಾಯಿಂದ, ಒಂದೇ ಗಾಂಭೀರ್ಯದಿಂದ ಬಂದ ಮಾತುಗಳು. ಮಕ್ಕಳಾದ ನಮಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ತಾತನಿಗೂ ತಿಳಿದಿರಲಿಲ್ಲವೆಂದು ಈಗ ಅನ್ನಿಸುತ್ತದೆ.

ನಮ್ಮ ತಂದೆಯ ತಂಗಿ, ನನ್ನ ಸೋದರತ್ತೆ, ಇಪ್ಪತ್ತೈದು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದರು. ಹುಳುವಿನ ಕೆಲಸದಲ್ಲಿ ಅವರ ಕೈಯಂಥ ಕೈ ನಮ್ಮ ಮನೆಯಲ್ಲಿ ಇರಲಿಲ್ಲ. ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ನೂಲಿನಷ್ಟು ಸಣ್ಣಗೆ ಹೆಚ್ಚುತ್ತಿದ್ದವರು ಅವರು. ನಡುರಾತ್ರಿ ಎದ್ದು ತಟ್ಟೆ ನೋಡುತ್ತಿದ್ದವರೂ ಅವರೇ. ಹುಳು ಹಣ್ಣಾಗುವ ದಿನ ಬಂದಾಗ ಮಾತ್ರ ಅವರು ಹಿತ್ತಿಲಿನ ಕಡೆ ಹೋಗಿ ಕೂರಬೇಕು. ಅವರು ಒಂದು ದಿನವೂ ಎದುರು ಮಾತಾಡಿದ್ದನ್ನು ನಾನು ಕೇಳಲಿಲ್ಲ.

1980 ಕಳೆದು ಒಂದೆರಡು ವರ್ಷವಾಗಿರಬೇಕು. ನಾನು ಆಗ ಮಾಧ್ಯಮಿಕ ಶಾಲೆಯ ಹುಡುಗ. ಆ ಸಲ ಸೊಪ್ಪು ಚೆನ್ನಾಗಿತ್ತು, ಹವೆ ಚೆನ್ನಾಗಿತ್ತು, ಹುಳು ಬೆರಳಿನ ಗಾತ್ರ ಬೆಳೆದಿತ್ತು. ಚಂದ್ರಂಕಿಗೆ ಬಿಟ್ಟ ಎರಡು ಮೂರು ದಿನಕ್ಕೆ ಗೂಡು ಬಿಡಿಸಲು ಹೋದರೆ, ಗೂಡು ಗೂಡಿಗೂ ತೂತು. ನೆಲದ ಮೇಲೆ ಅನ್ನದ ಅಗುಳಿನಂಥ ಬಿಳಿಯ ಹುಳುಗಳು ಹರಿದಾಡುತ್ತಿದ್ದವು. ಕೆಲವು ರೇಷ್ಮೆಹುಳು ಗೂಡನ್ನೇ ಕಟ್ಟದೆ ಸತ್ತು ತಟ್ಟೆಯಲ್ಲಿ ಬಿದ್ದಿದ್ದವು. ಅವುಗಳ ಮೈಮೇಲೆ ಸುಟ್ಟ ಹಾಗೆ ಕರಿಯ ಮಚ್ಚೆ. ನಮ್ಮ ತಾತ ಅರವತ್ತು ವರ್ಷ ಹುಳು ಸಾಕಿದವರು. ಅಂಥದ್ದನ್ನು ಅವರು ಕಂಡಿರಲಿಲ್ಲ.

ಕಂಡರಿಯದ ಕೇಡಿಗೆ ಕಂಡ ಕಾರಣವೊಂದು ಬೇಕಲ್ಲ! ಆ ಸಲ ಕೆಲಸಕ್ಕೆ ಆಳು ಸಾಲದೆ ಅತ್ತೆಯೇ ಹಣ್ಣುಹುಳು ಆರಿಸಿದ್ದರು. ಯಾರೋ ಅದನ್ನು ನೆನಪು ಮಾಡಿದರು. ತಾತ ಗದರಲಿಲ್ಲ. ಬಹಳ ಮೆತ್ತಗೆ, "ಇನ್ಮೇಲೆ ಹುಳಿನ ಮನೆ ತಾವ್ಕೆ ನೀನು ಬರ್ಬ್ಯಾಡ ಕಣವ್ವ" ಎಂದರು. ಅಷ್ಟೇ. ಅತ್ತೆ ಸೆರಗು ಕೊಡವಿಕೊಂಡು ಎದ್ದು ಹೋದರು. ಅಂದಿನಿಂದ ಅವರು ಹುಳುವಿನ ಮನೆಯ ಕಡೆ ಮುಖ ಮಾಡಲಿಲ್ಲ. ಊರಿನಲ್ಲಿ ಬೇರೆ ಮನೆಗಳಲ್ಲೂ ಗೂಡು ತೂತಾಗಿತ್ತು. ಆ ಮನೆಗಳಲ್ಲೂ ಒಬ್ಬೊಬ್ಬರು ಸಿಕ್ಕಿರಬೇಕು. ನಮ್ಮ ಮುಂದಿನ ಬೆಳೆಯೂ ಹಾಗೇ ಹೋಯಿತು. ಆಗ ಅತ್ತೆ ಒಳಗೆ ಕಾಲಿಟ್ಟೇ ಇರಲಿಲ್ಲ. ಆದರೂ ಅವರ ಮೇಲಿನ ಅನುಮಾನ ಹೋಗಲಿಲ್ಲ. ಹಿಂದಿನ ದೋಷ ಇನ್ನೂ ಕಳೆದಿಲ್ಲವೆಂದರು. ಸುಳ್ಳು ಕಾರಣದ ಗುಣವೇ ಇದು: ಬೆಳೆ ಹೋದರೂ ಅದು ನಿಜ, ಬೆಳೆ ಬಂದರೂ ಅದು ನಿಜ. ಅದನ್ನು ಸುಳ್ಳೆಂದು ತೋರಿಸುವ ಸಂದರ್ಭವನ್ನೇ ಅದು ಕೊಡುವುದಿಲ್ಲ.

ಊಜಿ ನೊಣ ಎಂಬ ಹೆಸರನ್ನು ನಾವು ಮೊದಲು ಕೇಳಿದ್ದು ರೇಡಿಯೋದಲ್ಲಿ, ಸಂಜೆ ರೈತರಿಗಾಗಿ ಬರುತ್ತಿದ್ದ ಕಾರ್ಯಕ್ರಮದಿಂದ. ಆಮೇಲೆ ರೇಷ್ಮೆ ಇಲಾಖೆಯ ಇನ್‌ಸ್ಪೆಕ್ಟರೊಬ್ಬರು ಊರಿಗೆ ಬಂದರು. ಜಗುಲಿಯ ಮೇಲೆ ಕುಳಿತು ತಾತನ ಮಾತನ್ನೆಲ್ಲ ಕೇಳಿದರು, ದೃಷ್ಟಿಯ ಮಾತನ್ನೂ ಕೇಳಿದರು, ನಗಲಿಲ್ಲ. ಕೊನೆಗೆ, "ಯಜಮಾನ್ರೇ, ನೀವು ಹೇಳೋದನ್ನೂ ನೋಡೋಣ, ನಾನು ಹೇಳೋದನ್ನೂ ನೋಡೋಣ. ಎರಡು ತಟ್ಟೆ ಹುಳು ಬೇರೆ ಇಡಿ. ಒಂದಕ್ಕೆ ಸೊಳ್ಳೆಪರದೆ ಬಟ್ಟೆ ಕಟ್ಟಿ, ಇನ್ನೊಂದು ಹಾಗೇ ಇರಲಿ. ಎರಡಕ್ಕೂ ಆ ತಾಯಿನೇ ಸೊಪ್ಪು ಹಾಕಲಿ" ಎಂದರು.

ಆ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ. ದೋಷ ಅತ್ತೆಯ ದೃಷ್ಟಿಯದಾದರೆ ಎರಡು ತಟ್ಟೆಯೂ ಕೆಡಬೇಕು. ದೋಷ ನೊಣದ್ದಾದರೆ ತೆರೆದ ತಟ್ಟೆ ಮಾತ್ರ ಕೆಡಬೇಕು. ಎರಡು ಕಾರಣಗಳನ್ನು ಎದುರುಬದುರು ನಿಲ್ಲಿಸಿ, ಉತ್ತರ ಹೇಳುವ ಅಧಿಕಾರವನ್ನು ಹುಳುವಿಗೇ ಬಿಟ್ಟುಕೊಟ್ಟಿದ್ದರು. ಸಾವಿರಾರು ರೂಪಾಯಿನ ಯಂತ್ರಗಳಲ್ಲಿ ನಡೆಯುವ ಪ್ರಯೋಗಗಳ ತಿರುಳೂ ಇದಕ್ಕಿಂತ ಬೇರೆಯಲ್ಲ.

ಅತ್ತೆ ಎರಡು ತಟ್ಟೆಗೂ ಒಂದೇ ಹೊರೆಯ ಸೊಪ್ಪು ಹಾಕಿದರು. ತೆರೆದ ತಟ್ಟೆಯ ಹುಳುಗಳ ಮೈಮೇಲೆ ಮೊದಲು ಬಿಳಿಯ ಚುಕ್ಕೆ, ಎರಡು ಮೂರು ದಿನಕ್ಕೆ ಕರಿಯ ಮಚ್ಚೆ ಕಂಡವು. ಗೂಡಾದ ಮೇಲೆ ಅತ್ತೆ ತೂತುಬಿದ್ದ ಒಂದೊಂದು ಗೂಡಿಗೆ ಒಂದೊಂದು ಹುರುಳಿಕಾಳನ್ನು ತೆಗೆದಿಡುತ್ತ ಎಣಿಸಿದರು. ತೆರೆದ ತಟ್ಟೆಯ ಕಾಳು ಅಂಗೈ ತುಂಬಿತು. ಪರದೆ ಕಟ್ಟಿದ ತಟ್ಟೆಗೆ ಒಂದು ಕಾಳೂ ಬೇಕಾಗಲಿಲ್ಲ. ತಾತ ಎರಡು ತಟ್ಟೆಯನ್ನೂ ಬಹಳ ಹೊತ್ತು ನೋಡಿದರು. ಮಾತೇನೂ ಆಡಲಿಲ್ಲ. ಮಾರನೆಯ ದಿನ ಕನಕಪುರದ ಸಂತೆಯಿಂದ ಪರದೆಯ ಬಟ್ಟೆ ತಂದು ಅತ್ತೆಯ ಕೈಗೆ ಕೊಟ್ಟರು.

ಊಜಿ ನೊಣ ನಮ್ಮ ಮನೆಯ ನೊಣಕ್ಕಿಂತ ದೊಡ್ಡದು. ಬೂದು ಬಣ್ಣ, ಬೆನ್ನಿನ ಮೇಲೆ ಕಪ್ಪು ಪಟ್ಟೆ. ಬಂಗಾಳದಲ್ಲಿ ಹಿಂದಿನಿಂದಲೂ ಇದ್ದದ್ದು, ಅಲ್ಲಿಂದ ತಂದ ಗೂಡಿನ ಜೊತೆಗೆ 1980ರಲ್ಲಿ ಕರ್ನಾಟಕಕ್ಕೆ ಬಂತು. ಅದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆಯೊಡೆದ ಮರಿ ಹುಳುವಿನ ಒಳಗೆ ಕೊರೆದು ಹೋಗಿ ಅದನ್ನೇ ತಿಂದು ಬೆಳೆಯುತ್ತದೆ. ಕೊರೆದ ಜಾಗವೇ ಕರಿಯ ಮಚ್ಚೆ. ಬೆಳೆದ ಮೇಲೆ ಗೂಡನ್ನು ತೂತುಮಾಡಿ ಹೊರಬಿದ್ದು, ನೆಲದ ಬಿರುಕು ಸೇರಿ ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಇಷ್ಟು ತಿಳಿದ ಮೇಲೆ ಉಪಾಯ ಕಷ್ಟವಲ್ಲ: ಕಿಟಕಿ ಬಾಗಿಲಿಗೆ ಬಲೆ, ನೆಲದ ಬಿರುಕಿಗೆ ಸಿಮೆಂಟು, ಉದುರಿದ ಮರಿಗಳನ್ನು ಆಯ್ದು ಕೊಲ್ಲುವುದು. ಊಜಿಯ ಕೋಶದಲ್ಲೇ ಮೊಟ್ಟೆಯಿಟ್ಟು ಅದನ್ನು ನಾಶಮಾಡುವ ನೆಸೋಲಿಂಕ್ಸ್ ಎಂಬ ಪುಟ್ಟ ಕೀಟವನ್ನು ವಿಜ್ಞಾನಿಗಳು ಮುಂದೆ ಬೆಳೆಸಿ ರೈತರಿಗೆ ಕೊಟ್ಟರು. ಶಾಂತಿ, ನಿವಾಳಿಗಳಿಂದ ಆಗದ ಕೆಲಸವನ್ನು ಒಂದು ಮೊಳ ಬಲೆ ಮಾಡಿತು.

ಈಗ ತಾತನ ಕಟ್ಟುಪಾಡುಗಳಿಗೆ ಹಿಂದಿರುಗೋಣ. ವಿಜ್ಞಾನ ಬಂದೊಡನೆ ಹಿರಿಯರು ಹೇಳಿದ್ದೆಲ್ಲ ಮೂಢನಂಬಿಕೆಯಾಯಿತೆ? ಖಂಡಿತ ಇಲ್ಲ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ರೇಷ್ಮೆಹುಳುವಿಗೆ ವಿಷವೆಂಬುದು ಪರೀಕ್ಷೆಯಿಂದ ಸಿದ್ಧವಾದ ಮಾತು. ಹೊಗೆಸೊಪ್ಪಿನ ಹೊಲದ ಪಕ್ಕದಲ್ಲಿ ಹಿಪ್ಪುನೇರಳೆ ಬೆಳೆಯಬೇಡಿ ಎಂದು ತಜ್ಞರೇ ಹೇಳುತ್ತಾರೆ. ಹೊರಗಿನ ಮೆಟ್ಟೂ ಹೊರಗಿನ ಜನವೂ ರೋಗದ ಬೀಜವನ್ನು ತರಬಲ್ಲವೆಂಬುದು ನಿಜ. ಒದ್ದೆ ಸೊಪ್ಪು ಕೆಡುಕೆಂಬುದೂ ನಿಜ. ಇವೆಲ್ಲ ಅನುಭವದಿಂದ ಬಂದ ಬಂಗಾರದಂಥ ಮಾತುಗಳು. ಆದರೆ ಅದೇ ಗಂಟಿನಲ್ಲಿ ವಿಧವೆಯ ದೃಷ್ಟಿಯೂ, ಮುಟ್ಟಿನ ಮೈಲಿಗೆಯೂ ಕಟ್ಟಿಕೊಂಡಿದ್ದವು. ಹೇಳಿದವರ ವಯಸ್ಸು ನೋಡಿ ಇವನ್ನು ಬೇರ್ಪಡಿಸಲಾಗದು, ಮಾತು ಎಷ್ಟು ಹಳೆಯದೆಂದು ನೋಡಿಯೂ ಬೇರ್ಪಡಿಸಲಾಗದು. ಮೊರದಲ್ಲಿ ಕೇರಿದ ಹಾಗೆ ಪರೀಕ್ಷೆಯಿಂದಲೇ ಕಾಳು ಹೊಟ್ಟು ಬೇರೆಯಾಗಬೇಕು.

ಕುತೂಹಲದ ಸಂಗತಿಯೆಂದರೆ, ರೋಗಕ್ಕೆ ಕಾರಣ ಕಣ್ಣಿಗೆ ಕಾಣದ ಜೀವಿಗಳೆಂಬ ಅರಿವು ಲೋಕಕ್ಕೆ ಬಂದುದರಲ್ಲಿ ಇದೇ ರೇಷ್ಮೆಹುಳುವಿನ ಪಾಲು ದೊಡ್ಡದು. ಇಟಲಿಯಲ್ಲಿ ಅಗೊಸ್ತಿನೊ ಬಾಸ್ಸಿ ಎಂಬ ಮಹನೀಯರಿದ್ದರು. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿ ಬೆಳ್ಳಗಾಗುವ ರೋಗವೊಂದನ್ನು ಅವರು ವರುಷಗಟ್ಟಲೆ ಬೆನ್ನಟ್ಟಿದರು. ಆ ಬಿಳಿಯ ಪುಡಿ ಒಂದು ಬೂಷ್ಟು, ಅದು ಒಂದು ಹುಳುವಿನಿಂದ ಇನ್ನೊಂದಕ್ಕೆ ಅಂಟುತ್ತದೆ ಎಂದು 1835ರಲ್ಲಿ ಪ್ರಕಟಿಸಿದರು. ಸೂಕ್ಷ್ಮಜೀವಿಯೊಂದು ಪ್ರಾಣಿಯಲ್ಲಿ ರೋಗ ತರುತ್ತದೆಂದು ರುಜುವಾತಾದದ್ದು ಅದೇ ಮೊದಲು. ಆ ರೋಗಕ್ಕೆ ಇಟಲಿಯವರು ಕೊಟ್ಟ ಹೆಸರು ಅವರ ಭಾಷೆಯ ಸುಣ್ಣವೆಂಬ ಮಾತಿನಿಂದ ಹುಟ್ಟಿದ್ದು. ನಮ್ಮ ರೈತರು ಅದನ್ನು ಕರೆಯುವುದು 'ಸುಣ್ಣಕಟ್ಟು' ಎಂದು. ಇಟಲಿಯ ರೈತನಿಗೂ ಕನಕಪುರದ ರೈತನಿಗೂ ಪರಿಚಯವಿರಲಿಲ್ಲ. ನೋಡುವ ಕಣ್ಣು ಮಾತ್ರ ಒಂದೇ ಇತ್ತು. ಕನ್ನಡ ಮೇಷ್ಟರಾದ ನನಗೆ ಇದು ಬಹಳ ಸಂತೋಷ ಕೊಟ್ಟ ಸಂಗತಿ.

ಬಾಸ್ಸಿಯವರ ತರುವಾಯ ಲೂಯಿ ಪಾಶ್ಚರ್. ಫ್ರಾನ್ಸಿನಲ್ಲಿ 1853ರಲ್ಲಿ 26,000 ಟನ್ನಿನಷ್ಟಿದ್ದ ಗೂಡಿನ ಬೆಳೆ 1865ರ ಹೊತ್ತಿಗೆ 4,000 ಟನ್ನಿಗೆ ಇಳಿದಿತ್ತು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ ಬಂದು ಹಳ್ಳಿಗೆ ಹಳ್ಳಿಯೇ ಹಾಳಾಗುತ್ತಿತ್ತು. ನಮ್ಮಲ್ಲಿ ಇದಕ್ಕೆ ಗಂಟುರೋಗವೆನ್ನುತ್ತಾರೆ. ಪಾಶ್ಚರರು ರಸಾಯನಶಾಸ್ತ್ರಜ್ಞರು, ಹುಳುವನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಕೀಟಶಾಸ್ತ್ರಜ್ಞ ಫಾಬ್ರ್ ಎಂಬವರ ಮನೆಗೆ ಹೋಗಿ, ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾದರಂತೆ. ತಿಳಿಯದ್ದನ್ನು ತಿಳಿಯದೆಂದು ಹೇಳುವ ಧೈರ್ಯ ಅವರಲ್ಲಿತ್ತು.

ಅದಕ್ಕಿಂತ ದೊಡ್ಡ ಧೈರ್ಯವೂ ಇತ್ತು. ರೋಗಪೀಡಿತ ಹುಳುವಿನ ಮೈಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಕಣಗಳು ರೋಗದ ಕಾರಣವಲ್ಲ, ಬರಿಯ ಲಕ್ಷಣ ಎಂದು ಅವರು ಮೊದಲು ಹೇಳಿದ್ದರು. ಮತ್ತೆರಡು ವರ್ಷ ಪ್ರಯೋಗ ನಡೆಸಿದ ಮೇಲೆ ಆ ಕಣಗಳೇ ಜೀವಿಗಳು, ಅವೇ ಕಾರಣ ಎಂದು ತಮ್ಮ ಮಾತನ್ನು ತಾವೇ ಬದಲಿಸಿದರು. 1868ರಲ್ಲಿ ಲಕ್ವ ಹೊಡೆದು ಎಡಭಾಗ ಬಿದ್ದುಹೋದರೂ ಕೆಲಸ ಬಿಡಲಿಲ್ಲ. ರೋಗ ತಾಯಿಯಿಂದ ಮೊಟ್ಟೆಗೆ ಹೋಗುತ್ತದೆ. ಆದುದರಿಂದ ಅವರು ಕಂಡುಕೊಂಡ ಉಪಾಯ ಸರಳ: ಒಂದೊಂದು ಚಿಟ್ಟೆಯಿಂದಲೂ ಬೇರೆ ಬೇರೆ ಮೊಟ್ಟೆ ಇಡಿಸಿ, ಆಮೇಲೆ ಆ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು; ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡುವುದು. ಸೂಕ್ಷ್ಮದರ್ಶಕ ರೈತರ ಕೈಗೆ ಎಟುಕುವ ವಸ್ತುವೇ ಎಂದು ಕೆಲವರು ಆಕ್ಷೇಪಿಸಿದಾಗ, ನನ್ನ ಪ್ರಯೋಗಶಾಲೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಅದನ್ನು ಕಲಿತಿದ್ದಾಳೆ ಎಂದು ಉತ್ತರ ಕೊಟ್ಟರೆಂದು ಹೇಳುತ್ತಾರೆ. ಇದೇ ಪಾಶ್ಚರರು ಮುಂದೆ 1885ರಲ್ಲಿ ಹುಚ್ಚುನಾಯಿ ಕಚ್ಚಿದವರಿಗೆ ಲಸಿಕೆ ಕೊಟ್ಟರು.

ಆ ಬೆಳಕು ನಮ್ಮ ಸೀಮೆಗೂ ಬಂತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೈಸೂರಿನ ಹುಳುವಿಗೂ ರೋಗ ತಗುಲಿತ್ತು. ಶತಮಾನ ಮುಗಿಯುವ ಕಾಲಕ್ಕೆ ಜಮ್‌ಸೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿನ ತಜ್ಞರನ್ನು ಇಟ್ಟು ರೇಷ್ಮೆಯ ತೋಟವೊಂದನ್ನು ನಡೆಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ಕರೆಸಿತು. ನಮ್ಮ ನೆರೆಯ ಚನ್ನಪಟ್ಟಣದಲ್ಲಿ 1914ರಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರ ಆರಂಭವಾಯಿತು. ಚನ್ನಪಟ್ಟಣವೆಂದರೆ ಬೊಂಬೆ ಎಂದಷ್ಟೇ ತಿಳಿದವರು ಇದನ್ನೂ ನೆನಪಿನಲ್ಲಿಡಬೇಕು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ನೋಡಿಯೇ ಮೊಟ್ಟೆಯನ್ನು ರೈತರಿಗೆ ಕೊಡುತ್ತಾರೆ. ತಮ್ಮ ಬೀರುವಿನಲ್ಲಿರುವ ಮದುವೆಯ ಸೀರೆಯ ಹಿಂದೆ ನೇಯ್ದವನ ಮಗ್ಗವಿರುವಂತೆ ಈ ಸೂಕ್ಷ್ಮದರ್ಶಕವೂ ಇದೆ.

ಇಷ್ಟು ಹೇಳಿದ ಮೇಲೆ ಭಾಷೆಯ ಮಾತನ್ನು ಆಡದೆ ಇರಲಾರೆ. ನಮ್ಮೂರಿಗೆ ಬಂದ ಆ ಇನ್‌ಸ್ಪೆಕ್ಟರು ಗೆದ್ದದ್ದು ಎರಡು ಕಾರಣದಿಂದ. ಕಣ್ಣಾರೆ ತೋರಿಸಿದರು; ನಮ್ಮ ಮಾತಿನಲ್ಲಿ ಹೇಳಿದರು. ಜ್ವರ, ಹಣ್ಣುಹುಳು, ಸುಣ್ಣಕಟ್ಟು, ಹಾಲುತೊಂಡೆ ಎಂದು ನಮ್ಮ ಹೆಸರುಗಳನ್ನೇ ಹಿಡಿದು ಹೊರಟು, ಅವುಗಳ ಒಳಗಿನ ಕಾರಣವನ್ನು ಬಿಡಿಸಿದರು. ಪರಭಾಷೆಯ ಹೆಸರುಗಳನ್ನು ಮಳೆಗರೆದಿದ್ದರೆ ತಾತ ಎದ್ದು ಹೊಲಕ್ಕೆ ಹೋಗುತ್ತಿದ್ದರು.

ಕನ್ನಡಕ್ಕೆ ಶಾಸ್ತ್ರ ಹೊಸದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಂತರ್ಜಲವನ್ನು ಗುರುತಿಸುವುದು, ಗಿಡಮರಗಳ ಚಿಕಿತ್ಸೆ, ಅಡುಗೆ, ದನಕರುಗಳ ಮದ್ದು ಎಲ್ಲವೂ ಉಂಟು. ಅವುಗಳ ಪಕ್ಕದಲ್ಲೇ ಶಕುನವೂ ಉಂಟು, ಮುಹೂರ್ತವೂ ಉಂಟು. ನಮ್ಮ ತಾತನ ಕಟ್ಟುಪಾಡಿನ ಗಂಟನ್ನೇ ಹೋಲುವ ಗ್ರಂಥ! ಅದನ್ನು ಬರೆದವನನ್ನು ಹಳಿಯುವುದು ಸಲ್ಲದು. ತನ್ನ ಕಾಲಕ್ಕೆ ತಿಳಿದದ್ದನ್ನು ಲೋಕದ ಉಪಕಾರಕ್ಕಾಗಿ ಕನ್ನಡದಲ್ಲಿ ಒಟ್ಟುಗೂಡಿಸಿದವನು ಅವನು. ಕೇರುವ ಕೆಲಸ ನಮ್ಮದು.

ನಮ್ಮ ಕಾಲಕ್ಕೆ ಹತ್ತಿರ ಬಂದರೆ, ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 1918ರಲ್ಲಿ 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ನಡೆದದ್ದು ಎರಡೇ ವರ್ಷ. ಅದೇ ವೆಂಕಟನಾರಣಪ್ಪನವರು ಸಾಹಿತ್ಯ ಪರಿಷತ್ತಿಗಾಗಿ 1931ರಲ್ಲಿ ಪಂಪಭಾರತವನ್ನೂ ಸಂಪಾದಿಸಿಕೊಟ್ಟರು. ಭೌತಶಾಸ್ತ್ರದ ಗುರು ಪಂಪನನ್ನು ಓದಬಹುದಾದರೆ, ಪಂಪನನ್ನು ಓದಿದ ನಾನು ನೊಣದ ಸಂಗತಿ ಹೇಳುವುದರಲ್ಲಿ ತಪ್ಪೇನು? ಶಿವರಾಮ ಕಾರಂತರು ನಾಲ್ಕು ಸಂಪುಟಗಳಲ್ಲಿ 'ವಿಜ್ಞಾನ ಪ್ರಪಂಚ'ವನ್ನು ಬರೆದದ್ದೂ, ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿದ್ದೂ ಈ ದಾರಿಯ ಕೆಲಸವೇ.

ಇದೆಲ್ಲ ಹಳ್ಳಿಯ ಕಥೆ, ನಾವು ಪಟ್ಟಣದವರು, ಓದಿದವರು ಎಂದು ತಾವು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಒಂದೆರಡು ಉದಾಹರಣೆ ಕೊಡುತ್ತೇನೆ. ಸರ್ಪಸುತ್ತು ತಮಗೆಲ್ಲ ಗೊತ್ತು. ನಾಗದೋಷವೆಂದು ಹೆದರಿ, ಅದು ಸೊಂಟವನ್ನು ಪೂರ್ತಿ ಸುತ್ತಿದರೆ ಪ್ರಾಣಕ್ಕೆ ಅಪಾಯವೆಂದು ಕೆಮ್ಮಣ್ಣು ಹಚ್ಚಿಸಲು ಓಡುವವರು ಪಟ್ಟಣದಲ್ಲೂ ಇದ್ದಾರೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದಾಗಲೋ ನಿತ್ರಾಣವಾದಾಗಲೋ ಎದ್ದು, ಒಂದು ನರದ ಜಾಡಿನಲ್ಲಿ ಮೈಯ ಒಂದು ಪಕ್ಕಕ್ಕೆ ಬೊಕ್ಕೆಯಾಗಿ ಹೊರಡುತ್ತದೆ. ನರದ ಹಾದಿ ಸಾಮಾನ್ಯವಾಗಿ ನಡುಮೈಯಲ್ಲಿ ನಿಲ್ಲುವುದರಿಂದ ಅದು ಪೂರ್ತಿ ಸುತ್ತುವುದು ಅಪರೂಪ. ಬೊಕ್ಕೆಗಳು ಎರಡು ನಾಲ್ಕು ವಾರದಲ್ಲಿ ತಾವಾಗಿ ಒಣಗುತ್ತವೆ. ಆ ಹೊತ್ತಿಗೆ ಹಚ್ಚಿದ್ದ ಕೆಮ್ಮಣ್ಣಿಗೆ ಕೀರ್ತಿ ಸಲ್ಲುತ್ತದೆ! ಆದರೆ ಔಷಧವನ್ನು ಮೊದಲ ಮೂರು ದಿನದೊಳಗೆ ಆರಂಭಿಸಿದರೆ ಬಹಳ ಗುಣ; ಕಣ್ಣಿನ ಬಳಿ ಎದ್ದರಂತೂ ಆ ಹೊತ್ತೇ ವೈದ್ಯರಲ್ಲಿಗೆ ಹೋಗಬೇಕು. ಕೆಮ್ಮಣ್ಣಿನಲ್ಲಿ ಕಳೆದ ಮೂರು ದಿನ ತಿರುಗಿ ಬರುವುದಿಲ್ಲ.

ಗ್ರಹಣವನ್ನೂ ನೋಡಿ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ರಾಜ್ಯದ ಉತ್ತರ ಭಾಗದ ಮೇಲೆ ಹಾಯ್ದು ಹೋಯಿತು. ದೇಶ ವಿದೇಶಗಳಿಂದ ಅದನ್ನು ನೋಡಲು ಜನ ಬಂದರು. ನಮ್ಮವರು ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಕಣ್ಣಿನ ಪಟಲ ಸುಡುತ್ತದೆಂಬುದು ಸತ್ಯ. ತಕ್ಕ ಕನ್ನಡಕವಿಟ್ಟೋ, ಸಣ್ಣ ರಂಧ್ರದಿಂದ ಗೋಡೆಯ ಮೇಲೆ ಬಿಂಬ ಬೀಳಿಸಿಯೋ ಸುರಕ್ಷಿತವಾಗಿ ನೋಡಬಹುದೆಂಬುದೂ ಸತ್ಯ. ಇವೆರಡನ್ನು ಹೇಳಿಕೊಡದೆ, ಹೊಟ್ಟೆಗೆ ಹಾಕಬೇಕಾದ ಅನ್ನವನ್ನು ಚೆಲ್ಲಿ, ಬಸುರಿ ಹೆಂಗಸನ್ನು ಕತ್ತಲೆಯಲ್ಲಿ ಉಪವಾಸ ಕೂರಿಸುವ ಮನೆಗಳು ಇನ್ನೂ ಇವೆ. ಹುಟ್ಟಿದ ಮಗುವಿನಲ್ಲಿ ಏನಾದರೂ ಕೊರತೆಯಿದ್ದರೆ, ನೀನು ಗ್ರಹಣದ ದಿನ ಹೊರಗೆ ಬಂದಿದ್ದೆಯಲ್ಲ ಎಂದು ತಾಯಿಯನ್ನೇ ಕೇಳುವ ಬಾಯಿಗಳೂ ಇವೆ. ನಮ್ಮ ಅತ್ತೆಗೆ ಆದದ್ದಕ್ಕೂ ಇದಕ್ಕೂ ಏನು ಭೇದ?

ಇಂದು ಕೈಗೊಂದು ಫೋನು ಬಂದಿದೆ. ರೋಗಕ್ಕೆ, ಆಹಾರಕ್ಕೆ, ಔಷಧಕ್ಕೆ ಸಂಬಂಧಿಸಿದ ಸುದ್ದಿಗಳು ಬೆಳಗಾಗುವ ಮುನ್ನ ಬಂದು ಬೀಳುತ್ತವೆ. ಕೆಲವು ನಿಜ, ಕೆಲವು ಸುಳ್ಳು, ಎಲ್ಲಕ್ಕೂ ಒಂದೇ ವೇಷ. ಅವುಗಳನ್ನು ಕೇರಲು ನಾನು ಮಕ್ಕಳಿಗೆ ಮೂರು ಪ್ರಶ್ನೆ ಹೇಳಿಕೊಡುತ್ತೇನೆ. ಇದನ್ನು ಕಂಡವರು ಯಾರು? ಹೀಗೆ ಮಾಡದಿದ್ದರೂ ಅದೇ ಫಲ ಬರುತ್ತಿತ್ತೇ? ಇದು ತಪ್ಪೆಂದು ತಿಳಿಯುವ ದಾರಿ ಏನಾದರೂ ಇದೆಯೇ? ಎರಡನೆಯ ಪ್ರಶ್ನೆ ಆ ಪರದೆ ಕಟ್ಟಿದ ತಟ್ಟೆ. ಮೂರನೆಯದು ಅತ್ತೆಯ ಹುರುಳಿಕಾಳು. ಈ ಪ್ರಶ್ನೆಗಳನ್ನು ಕೇಳಲು ವಿಜ್ಞಾನದ ಪದವಿ ಬೇಕಿಲ್ಲ.

ನಮ್ಮ ಸಂವಿಧಾನಕ್ಕೆ 1976ರಲ್ಲಿ ಮಾಡಿದ 42ನೆಯ ತಿದ್ದುಪಡಿಯಿಂದ ಪ್ರಜೆಗಳ ಮೂಲಭೂತ ಕರ್ತವ್ಯಗಳು ಸೇರಿದವು. ವೈಜ್ಞಾನಿಕ ಮನೋಭಾವ, ಮಾನವೀಯತೆ, ವಿಚಾರ ಮಾಡುವ ಹಾಗೂ ಸುಧಾರಿಸಿಕೊಳ್ಳುವ ಪ್ರವೃತ್ತಿಗಳನ್ನು ಬೆಳೆಸಿಕೊಳ್ಳಬೇಕೆಂಬುದು ಅವುಗಳಲ್ಲಿ ಒಂದು. ವೈಜ್ಞಾನಿಕ ಮನೋಭಾವದ ಮಗ್ಗುಲಲ್ಲೇ ಮಾನವೀಯತೆಯನ್ನು ಇಟ್ಟವರು ಬಹಳ ತಿಳಿದವರು. ನಮ್ಮ ಹುಳುವಿನ ಮನೆಯಲ್ಲಿ ಅವೆರಡೂ ಜೊತೆಯಾಗಿಯೇ ಒಳಗೆ ಬಂದವು.

ಅತ್ತೆ ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹುಳು ಸಾಕಿದರು. ಪ್ರತಿ ಬೆಳೆಗೂ ಮುಂಚೆ ಮನೆಯನ್ನು ಮದ್ದು ನೀರಿನಲ್ಲಿ ತೊಳೆಸಿ, ಕಿಟಕಿಯ ಬಲೆಯಲ್ಲಿ ಹರಿದಿದ್ದ ಕಡೆಗೆ ತಾವೇ ಹೊಲಿಗೆ ಹಾಕುತ್ತಿದ್ದರು. ನಾನು ಓದಿ, ಮೇಷ್ಟರಾಗಿ, ಒಂದು ರಜದಲ್ಲಿ ಊರಿಗೆ ಹೋದಾಗ ಅವರನ್ನು ಕೇಳಿದೆ: ಆ ದಿನ ಹೊರಕ್ಕೆ ಹೋಗು ಎಂದಾಗ ನಿಮಗೆ ಏನನ್ನಿಸಿತು ಎಂದು. ಅವರು ಸೂಜಿಗೆ ದಾರ ಪೋಣಿಸುತ್ತ, "ನಂದೇ ತಪ್ಪು ಅಂದ್ಕೊಂಡಿದ್ದೆ ಕಣಪ್ಪ" ಎಂದರು.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಹೊರಿಸಿದವರು ನಂಬಿದ್ದು ಹಾಗಿರಲಿ, ಹೊತ್ತವರೂ ನಂಬಿದ್ದರು. ನಿಜವಾದ ಕಾರಣ ತಿಳಿಯದಿದ್ದರೆ ಅವರು ಆ ನಂಬಿಕೆಯನ್ನು ಕೊನೆಯವರೆಗೆ ಹೊತ್ತುಕೊಂಡೇ ಇರುತ್ತಿದ್ದರು. ತಮ್ಮ ಮನೆಯಲ್ಲಿಯೂ ಕೇಡೊಂದು ಬಂದಾಗ, ಬೇನೆಯೋ ನಷ್ಟವೋ ಯಾವುದಾದರೂ ಆಗಲಿ, ಯಾರಿಂದ ಆಯಿತೆಂದು ಕೇಳುವ ಮೊದಲು ಏತರಿಂದ ಆಯಿತೆಂದು ಕೇಳಿರೆಂದು ನನ್ನ ಪ್ರಾರ್ಥನೆ.